ಲೈವ್ ಬುಲೆಟಿನ್‌ನಲ್ಲಿ ಆಂಕರ್‌ಗೆ ಬಾಯಿಗಿಂತ ಕಿವಿ ಮುಖ್ಯ

ಆಂಕರಿಂಗ್ ಕಲಿಯಲು ಬರುವವರು ಉಚ್ಚಾರಣೆ, ಮೇಕಪ್, ಕ್ಯಾಮೆರಾ ನೋಡುವ ಬಗೆಯನ್ನೆಲ್ಲ ಕೇಳುತ್ತಾರೆ. ಟಾಕ್‌ಬ್ಯಾಕ್, ಅಂದರೆ ಇಯರ್‌ಪೀಸ್ ಮೂಲಕ ಕಂಟ್ರೋಲ್ ರೂಮಿನೊಡನೆ ನಡೆಯುವ ಮಾತಿನ ವಿಷಯ ಕೇಳುವವರು ಅಪರೂಪ. ಲೈವ್‌ನಲ್ಲಿ ಹೊಸಬರು ಎಡವುವುದು ಹೆಚ್ಚಾಗಿ ಅಲ್ಲೇ. ಬಾಯಿ ಒಂದು ಸುದ್ದಿ ಓದುತ್ತಿರುವಾಗ ಇಯರ್‌ಪೀಸ್‌ನಲ್ಲಿ ಪಿಸಿಆರ್‌ನಿಂದ (ಬುಲೆಟಿನ್ ನಡೆಸುವ ಕಂಟ್ರೋಲ್ ರೂಮ್) ಪ್ರೊಡ್ಯೂಸರ್ ಮಾತು ಬರುತ್ತದೆ: "ಪ್ಯಾಕೇಜ್ ರೆಡಿ ಇಲ್ಲ, ಫೋನೋ ತಗೊಳ್ಳಿ, ಹತ್ತು ಸೆಕೆಂಡ್ ಎಳೀರಿ." ಪ್ಯಾಕೇಜ್ ಎಂದರೆ ಮೊದಲೇ ಎಡಿಟ್ ಮಾಡಿಟ್ಟ ವರದಿ, ಫೋನೋ ಎಂದರೆ ಫೋನಿನಲ್ಲಿ ರಿಪೋರ್ಟರ್ ಮಾತು. ಓದು ನಿಲ್ಲುವಂತಿಲ್ಲ, ಕಣ್ಣು ಕದಲುವಂತಿಲ್ಲ, ಆ ಹತ್ತು ಸೆಕೆಂಡಿಗೆ ಮಾತೂ ಹುಟ್ಟಬೇಕು.

ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಒಂದು ಕಿವಿಗೆ ರೇಡಿಯೋ ವಾರ್ತೆ ಹಾಕಿಕೊಂಡು ಪೇಪರನ್ನು ಜೋರಾಗಿ ಓದಿ. ಐದು ನಿಮಿಷ ಆದ ಮೇಲೆ ರೇಡಿಯೋದಲ್ಲಿ ಏನು ಬಂತೆಂದು ಬರೆಯಿರಿ. ಮೊದಮೊದಲು ಓದು ತೊದಲುತ್ತದೆ, ಇಲ್ಲವೇ ಕೇಳಿದ್ದು ಮರೆತುಹೋಗುತ್ತದೆ. ಎರಡೂ ಒಟ್ಟಿಗೆ ಹತೋಟಿಗೆ ಬಂದರೆ ಸ್ಟುಡಿಯೋಗೆ ಸಿದ್ಧ.

ರಿಪೋರ್ಟರ್ ಜೊತೆಗಿನ ಲೈವ್‌ನಲ್ಲಿ ಕಾಡುವುದು ವಿಳಂಬ. ಸ್ಯಾಟಲೈಟ್ ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲಿರುವುದರಿಂದ ದನಿ ಹೋಗಿ ಇಳಿಯಲು ಕಾಲು ಸೆಕೆಂಡ್ ಬೇಕು. ಬೆನ್ನಿಗೆ ಹೊತ್ತು, ಮೊಬೈಲ್ ಸಿಮ್‌ಗಳ ಮೇಲೆ ಲೈವ್ ಕಳಿಸುವ ಬ್ಯಾಕ್‌ಪ್ಯಾಕ್ ಸಾಧನ ಆದರೆ ಇನ್ನೂ ಹೆಚ್ಚು, ನೆಟ್‌ವರ್ಕ್ ಕೈಕೊಟ್ಟರೆ ಸೆಕೆಂಡುಗಟ್ಟಲೆ. ಆದ್ದರಿಂದ ಪ್ರಶ್ನೆ ಒಂದೇ ಇರಲಿ, ಚಿಕ್ಕದಿರಲಿ, ಕೇಳಿದ ಮೇಲೆ ಬಾಯಿ ಮುಚ್ಚಿ. ಉತ್ತರ ಬರಲಿಲ್ಲವೆಂದು ಮತ್ತೆ ಕೇಳಿದರೆ ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತವೆ. ರಿಪೋರ್ಟರ್ ಪದಪದಕ್ಕೂ ತಡವರಿಸುತ್ತಿದ್ದರೆ ಅವರದೇ ದನಿ ಅವರ ಕಿವಿಗೆ ತಡವಾಗಿ ವಾಪಸ್ ಬರುತ್ತಿರಬಹುದು. ಅವರ ದನಿಯನ್ನು ಕಳೆದು ಉಳಿದದ್ದನ್ನು ಮಾತ್ರ ಅವರ ಕಿವಿಗೆ ಕಳಿಸಬೇಕಾದದ್ದು ಆಡಿಯೋ ಡೆಸ್ಕ್. ಅಂಥ ಹೊತ್ತಲ್ಲಿ ರಿಪೋರ್ಟರ್‌ನ್ನು ಪರದೆಯ ಮೇಲೆ ಗದರುವುದು ಅನ್ಯಾಯ.

ಕ್ಯಾಮೆರಾ ಮುಂದೆ ಸ್ಕ್ರಿಪ್ಟ್ ಓಡಿಸುವ ಪರದೆಯಾದ ಪ್ರಾಂಪ್ಟರ್‌ನಲ್ಲಿ ಕನ್ನಡಕ್ಕೆ ಅದರದೇ ತಾಪತ್ರಯಗಳಿವೆ. 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಾದ ಕಾಪಿಯನ್ನು ಕನ್ವರ್ಟ್ ಮಾಡದೆ ಯೂನಿಕೋಡ್ ಪ್ರಾಂಪ್ಟರ್‌ಗೆ ಅಂಟಿಸಿದರೆ ಅಕ್ಷರವೆಲ್ಲ ಕಲಸುಮೇಲೋಗರ. ನಮ್ಮ ಪದಗಳು ಉದ್ದ, ಹಾಗಾಗಿ ಸಾಲಿಗೆ ಮೂರ್ನಾಲ್ಕು ಪದ ಸಾಕು. 1,25,000 ಎಂದು ಬರೆದರೆ ಕಣ್ಣು ಸೊನ್ನೆ ಎಣಿಸುತ್ತ ನಿಲ್ಲುತ್ತದೆ, "ಒಂದು ಲಕ್ಷ 25 ಸಾವಿರ" ಎಂದೇ ಹಾಕಿಸಿ. ಪ್ರಾಂಪ್ಟರ್ ಚೆನ್ನಾಗಿ ಓಡುತ್ತಿದ್ದರೂ ಕೈಯಲ್ಲಿ ಪ್ರಿಂಟ್ ಇರಬೇಕು, ಸುದ್ದಿ ಮುಗಿದಂತೆಲ್ಲ ಹಾಳೆ ತಿರುವುತ್ತಿರಬೇಕು. ಪರದೆ ಕೈಕೊಟ್ಟಾಗ ಯಾವ ಪುಟವೆಂದು ಹುಡುಕುವಷ್ಟು ಪುರುಸೊತ್ತಿರುವುದಿಲ್ಲ.

ಕ್ರೀಡೆ ಓದುವವರಿಗೆ ಲೆಕ್ಕ ಬರಲೇಬೇಕು. 15.3 ಓವರ್ ಎಂದರೆ 15 ಓವರ್, 3 ಎಸೆತ. ಟಿ20ಯಲ್ಲಿ ಆಗ ಉಳಿಯುವುದು 27 ಎಸೆತ. 42 ರನ್ ಬೇಕಿದ್ದರೆ ಅಗತ್ಯ ರನ್‌ರೇಟ್ 9.33. ಉಳಿದದ್ದನ್ನು 4.3 ಎಂದು ಕ್ಯಾಲ್ಕುಲೇಟರ್‌ಗೆ ಒತ್ತಿ 9.77 ಎಂದು ಓದಿದರೆ ಮನೆಯಲ್ಲಿ ಕೂತ ಹುಡುಗನೂ ತಪ್ಪು ಹಿಡಿಯುತ್ತಾನೆ. ಜಾವೆಲಿನ್‌ನಲ್ಲಿ ಬಿಂದು ನಿಜಕ್ಕೂ ದಶಮಾಂಶ: ಟೋಕಿಯೊದಲ್ಲಿ ನೀರಜ್ ಚೋಪ್ರಾ ಎಸೆದ 87.58 ಮೀಟರ್ ಅಂದರೆ 87 ಮೀಟರ್ 58 ಸೆಂಟಿಮೀಟರ್. ಇನ್ನೊಂದು ಕಷ್ಟವೆಂದರೆ ಹಕ್ಕಿನದು. ಪ್ರಸಾರದ ಹಕ್ಕಿಲ್ಲದ ನ್ಯೂಸ್ ಚಾನೆಲ್ ಪಂದ್ಯದ ದೃಶ್ಯವನ್ನು ಬೇಕಾದಷ್ಟು ತೋರಿಸುವಂತಿಲ್ಲ. ಎರಡು ಸ್ಟಿಲ್, ಒಂದು ಸ್ಕೋರ್ ಪ್ಲೇಟ್ ಇಟ್ಟುಕೊಂಡು ಇಡೀ ಇನಿಂಗ್ಸನ್ನು ಮಾತಿನಲ್ಲೇ ಕಾಣಿಸಬೇಕು. ಕ್ರೀಡಾ ಆಂಕರ್‌ನ ಅಸಲಿ ಪರೀಕ್ಷೆ ಇದೇ ಎಂಬುದು ನನ್ನ ಎಣಿಕೆ.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ವಿಜಯೋತ್ಸವದ ರನ್‌ಡೌನ್ (ಬುಲೆಟಿನ್‌ನ ಸುದ್ದಿಗಳ ಕ್ರಮಪಟ್ಟಿ) ಸಾವಿನ ಸುದ್ದಿಯಾಗಿ ತಿರುಗುವ ಇಂಥ ಗಳಿಗೆಯಲ್ಲಿ ಆಂಕರ್ ಮಾಡಬೇಕಾದ ಕೆಲಸಗಳಿವೆ. ಬ್ರೇಕ್ ಬಂದೊಡನೆ ಟಾಕ್‌ಬ್ಯಾಕ್‌ನಲ್ಲಿ ಕೇಳಿ: ಹಿನ್ನೆಲೆ ಸಂಗೀತ ತೆಗೆದಿದ್ದಾರೆಯೇ, ಟಿಕ್ಕರ್‌ನಲ್ಲಿ ಇನ್ನೂ ಕಪ್ ಸಂಭ್ರಮ ಓಡುತ್ತಿದೆಯೇ, ಬೆನ್ನ ಹಿಂದಿನ ವಿಡಿಯೋ ವಾಲ್ ಬದಲಾಗಿದೆಯೇ? ನೀವು ತಗ್ಗಿದ ದನಿಯಲ್ಲಿ ಓದುತ್ತಿರುವಾಗ ಹಿಂದೆ ಪಟಾಕಿ ಸಿಡಿಯುತ್ತಿದ್ದರೆ ನೋಡುವವರು ಬೈಯುವುದು ನಿಮ್ಮನ್ನೇ. ಸಾವಿನ ಸಂಖ್ಯೆಯನ್ನು ಯಾರು ಹೇಳಿದ್ದು ಎಂಬುದರ ಸಮೇತ ಹೇಳಿ: ಆಸ್ಪತ್ರೆಯೋ, ಪೊಲೀಸರೋ. ಎರಡು ಆಸ್ಪತ್ರೆಗಳ ಲೆಕ್ಕವನ್ನು ನೀವೇ ಕೂಡಬೇಡಿ, ಒಂದೇ ಹೆಸರು ಎರಡೂ ಕಡೆ ಇರಬಹುದು. ವಾಟ್ಸಾಪ್‌ನಲ್ಲಿ ಬಂದ ಹೆಸರನ್ನು ಓದಲೇಬೇಡಿ, ಆ ಮನೆಯವರಿಗೆ ಟಿವಿಯಿಂದ ಗೊತ್ತಾಗುವಂತಾಗಬಾರದು. ಗಂಟೆ ಹೊತ್ತಿನ ಹಳೆಯ ದೃಶ್ಯ ಸುತ್ತುತ್ತಿದ್ದರೆ "ಇದು ಮಧ್ಯಾಹ್ನದ ದೃಶ್ಯ" ಎಂದು ಬಾಯಲ್ಲೇ ಹೇಳಿ.

ಉಡುಪು, ಮೈಕ್‌ನ ವಿಷಯ ಬೇಗ ಮುಗಿಯುತ್ತದೆ. ಕ್ರೋಮಾ (ಬೇರೆ ಚಿತ್ರ ಕೂರಿಸಲು ಹಿಂದೆ ಹಾಕುವ ಹಸಿರು ಪರದೆ) ಇದ್ದರೆ ಹಸಿರು ಬೇಡ, ಹಾಕಿದರೆ ಆ ಭಾಗವೇ ಮಾಯ. ಸಣ್ಣ ಗೆರೆಯ ಅಂಗಿ ಪರದೆಯಲ್ಲಿ ಅಲೆಯಾಡುತ್ತದೆ. ಬಟ್ಟೆಗೆ ಸಿಕ್ಕಿಸುವ ಲೇಪಲ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗಿರಲಿ, ಸೆರಗು, ಸರ ತಾಗದಂತೆ. ಬಳೆ ಮೇಜಿಗೆ ತಗುಲಿದ ಸದ್ದು ಕೇಳುಗರಿಗೆ ದೊಡ್ಡದಾಗಿಯೇ ಕೇಳುತ್ತದೆ.

ಬೆಳಗಿನ 6ರ ಬುಲೆಟಿನ್ ಎಂದರೆ 4ಕ್ಕೆಲ್ಲ ಆಫೀಸ್. ಮೇಕಪ್‌ಗಿಂತ ಮೊದಲು ರಾತ್ರಿ ಡೆಸ್ಕ್‌ನವರಿಂದ ಏನೇನು ಬದಲಾಯಿತೆಂದು ಕೇಳಿಕೊಳ್ಳಬೇಕು. ಗಂಟಲು ಕಟ್ಟಿದರೆ ಪಿಸುಮಾತೂ ಬೇಡ, ಅದರಿಂದಲೂ ಆಯಾಸವಾಗುತ್ತದೆ. ಬಿಸಿನೀರು ಕುಡಿದು ಮಾತೇ ಬಿಡುವುದು ಸರಿ. ಕನ್ನಡ ಚಾನೆಲ್‌ಗಳಲ್ಲಿ ಕ್ರೀಡಾ ಡೆಸ್ಕ್ ಚಿಕ್ಕದು, ಕಾಪಿ ಬರೆಯುವವರೇ ವಾಯ್ಸ್ ಓವರ್ ಕೊಟ್ಟು ಆಂಕರಿಂಗ್‌ಗೂ ಕೂರುವುದುಂಟು. ಆದ್ದರಿಂದ ಆಡಿಷನ್‌ಗೆ ಹೊಳೆಯುವ ಶೋರೀಲ್‌ಗಿಂತ ಈ ಮೂರು ಒಯ್ಯಿರಿ: ನೀವೇ ಬರೆದ ಒಂದು ಸ್ಕ್ರಿಪ್ಟ್, ಅದರದೇ ವಾಯ್ಸ್ ಓವರ್, ಪ್ರಾಂಪ್ಟರ್ ಇಲ್ಲದೆ ಒಂದು ಪಂದ್ಯದ ಬಗ್ಗೆ ಮಾತಾಡಿದ ಎರಡು ನಿಮಿಷದ ಕತ್ತರಿಸದ ವಿಡಿಯೋ.