ಬಾರ್ಬಡೋಸ್‌ನಲ್ಲಿ ಯಾವಾಗಲೂ ಚಂಡಮಾರುತ ಅಲ್ವಾ?

2024ರ ಜೂನ್ 29ರಂದು ನಮ್ಮ ತಂಡ ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದಿತು. ಯಾವತ್ತೂ ಶಾಂತವಾಗಿರುವ ದ್ರಾವಿಡ್ ಕಪ್ ಹಿಡಿದು ಕೂಗಿದ್ದು ನೆನಪಿದೆ ತಾನೆ? ಅದರ ಬೆನ್ನಿಗೇ ಬೆರಿಲ್ ಚಂಡಮಾರುತ ಬಂತು. ಏರ್‌ಪೋರ್ಟ್ ಮುಚ್ಚಿತು, ತಂಡ ಹೋಟೆಲಿನಲ್ಲೇ ಸಿಕ್ಕಿಹಾಕಿಕೊಂಡಿತು. ಅವತ್ತಿನಿಂದ ನನ್ನ ನಕ್ಷೆ ಹುಚ್ಚು ಗೊತ್ತಿರುವವರೆಲ್ಲ ಕೇಳುವುದು ಇದನ್ನೇ: "ಅಲ್ಲಿ ಯಾವಾಗಲೂ ಚಂಡಮಾರುತ ಅಲ್ವಾ? ಜನ ಹೇಗಪ್ಪಾ ಇರ್ತಾರೆ?"

ಇಲ್ಲ ಮಾರಾಯ್ರೆ. ಆ ಕಡೆ ಚಂಡಮಾರುತದ ಏಟು ಕಮ್ಮಿ ತಿಂದ ದ್ವೀಪಗಳಲ್ಲಿ ಅದೂ ಒಂದು. 1955ರಲ್ಲಿ ಜಾನೆಟ್ ಹೊಡೆದ ಮೇಲೆ ಮತ್ತೆ ಚಂಡಮಾರುತ ಅಪ್ಪಳಿಸಿದ್ದು 2021ರಲ್ಲಿ, ಎಲ್ಸಾ. ಬೆರಿಲ್ ಕೂಡ ದಕ್ಷಿಣಕ್ಕೆ ಸರಿದುಹೋಯಿತು. ಬಾರ್ಬಡೋಸ್‌ನಲ್ಲಿ ಮೀನುಗಾರರ ದೋಣಿಗಳು ಒಡೆದವು, ನಿಜ. ಆದರೆ ನೆಲಕಚ್ಚಿದ್ದು ಗ್ರೆನಡಾ ದೇಶದ ಕ್ಯಾರಿಯಾಕೂ ದ್ವೀಪ.

ಯಾಕೆ ಹೀಗೆ ಅಂತ ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಕೆರಿಬಿಯನ್‌ನ ಪುಟ್ಟ ದ್ವೀಪಗಳು ಬಿಲ್ಲಿನ ಹಾಗೆ ಬಾಗಿ ಸಾಲಾಗಿ ನಿಂತಿವೆ. ಬಾರ್ಬಡೋಸ್ ಮಾತ್ರ ಸಾಲು ಬಿಟ್ಟು ಸುಮಾರು 160 ಕಿ.ಮೀ. ಪೂರ್ವಕ್ಕೆ, ಅಟ್ಲಾಂಟಿಕ್‌ನೊಳಗೆ ಒಂಟಿಯಾಗಿದೆ. 13 ಡಿಗ್ರಿ ಉತ್ತರ, ಹೆಚ್ಚುಕಮ್ಮಿ ನಮ್ಮ ಬೆಂಗಳೂರಿನ ಅಕ್ಷಾಂಶವೇ. ಆಫ್ರಿಕಾ ಕಡೆಯಿಂದ ಬರುವ ಬಿರುಗಾಳಿಗಳು ಇಲ್ಲಿಗೆ ತಲುಪುವಾಗ ಬಹಳ ಸಲ ಇನ್ನೂ ಎಳೆಯವು. ಜಾಸ್ತಿ ಪಾಲು ಉತ್ತರಕ್ಕೆ ತಿರುಗಿಬಿಡುತ್ತವೆ.

ಮಣ್ಣೂ ಬೇರೆಯೇ. ಅಕ್ಕಪಕ್ಕದ ದ್ವೀಪಗಳು ಜ್ವಾಲಾಮುಖಿಯಿಂದ ಹುಟ್ಟಿದವು, ಇದು ಅಲ್ಲ. ದೋಸೆ ಕಾವಲಿಯನ್ನು ಸಟ್ಟುಗದಲ್ಲಿ ಕೆರೆದರೆ ಅಂಟಿದ್ದೆಲ್ಲ ಒಂದು ಕಡೆ ಗುಡ್ಡೆಯಾಗುತ್ತದಲ್ಲ, ಹಾಗೆ. ಅಟ್ಲಾಂಟಿಕ್ ತಳದ ಫಲಕ, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡು, ಕೆರಿಬಿಯನ್ ಫಲಕದ ಅಡಿಗೆ ನುಗ್ಗುವಾಗ ಮೇಲಿನ ಕೆಸರು ಕೆರೆದು ಗುಡ್ಡೆಯಾಯಿತು. ಅದರ ಮೇಲೆ ಹವಳ ಬೆಳೆಯಿತು. ಇಡೀ ಗುಡ್ಡೆ ನಿಧಾನಕ್ಕೆ ನೀರಿನಿಂದ ಮೇಲೆದ್ದಿತು. ಈಗ ದ್ವೀಪದ ಶೇ. 85ರಷ್ಟು ನೆಲ ಹವಳದ ಸುಣ್ಣಕಲ್ಲು. ಹಳೇ ಮನೆಗಳ ಗೋಡೆಗೂ ಅದನ್ನೇ ಗರಗಸದಲ್ಲಿ ಕೊಯ್ದು ಕಟ್ಟಿದ್ದಾರೆ.

ಸುಣ್ಣಕಲ್ಲು ಅಂದರೆ ಜರಡಿ ಇದ್ದ ಹಾಗೆ. ಜೂನ್‌ನಿಂದ ನವೆಂಬರ್‌ವರೆಗೆ ಮಳೆ ಬರುತ್ತದೆ, ಆದರೆ ನೀರು ಸೀದಾ ಕೆಳಗೆ ಇಳಿದುಬಿಡುತ್ತದೆ. ದೊಡ್ಡ ನದಿ ಒಂದೂ ಇಲ್ಲ. ಕುಡಿಯುವ ನೀರು ಬಹುಪಾಲು ನೆಲದಡಿಯಿಂದಲೇ ಬರಬೇಕು. ಹ್ಯಾರಿಸನ್ಸ್ ಕೇವ್ ಎಂಬ ಗುಹೆಯಲ್ಲಿ ಈ ನೀರು ತೊಟ್ಟಿಕ್ಕುವುದನ್ನು ಪ್ರವಾಸಿಗಳು ಕಣ್ಣಾರೆ ನೋಡುತ್ತಾರೆ.

ಬಿಸಿಲು ವಿಶೇಷವೇನಿಲ್ಲ, ವರ್ಷವಿಡೀ 23ರಿಂದ 31 ಡಿಗ್ರಿ. ಶಾಲೆಯಲ್ಲಿ ವಾಣಿಜ್ಯ ಮಾರುತ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಆ ಗಾಳಿ ಪೂರ್ವದಿಂದ ಬೀಸುತ್ತಲೇ ಇರುತ್ತದೆ. ಹಿಂದೆ ಕಬ್ಬಿನ ಗಾಣ ತಿರುಗಿಸಿದ್ದೂ ಅದೇ. ಮಾರ್ಗನ್ ಲೂಯಿಸ್ ಎಂಬಲ್ಲಿ ಅಂಥ ಒಂದು ಗಾಳಿಗಿರಣಿ ಇವತ್ತಿಗೂ ನಿಂತಿದೆ.

ಚಂಡಮಾರುತದ ಬಗ್ಗೆ ಕೇಳಿದವರಿಗೆ ನಾನು ಈಚೆಗೆ ಬೂದಿಯ ಕಥೆ ಹೇಳುತ್ತೇನೆ. 2021ರ ಏಪ್ರಿಲ್‌ನಲ್ಲಿ ಪಶ್ಚಿಮಕ್ಕಿರುವ ಸೇಂಟ್ ವಿನ್ಸೆಂಟ್‌ನ ಲಾ ಸೂಫ್ರಿಯೇರ್ ಜ್ವಾಲಾಮುಖಿ ಸಿಡಿಯಿತು. ಗಾಳಿ ಪೂರ್ವದಿಂದ ಬರುವಾಗ ಬಾರ್ಬಡೋಸ್‌ಗೆ ಏನಾಗುತ್ತದೆ, ಅಲ್ವಾ? ಆದರೆ ಬೂದಿ ಬಹಳ ಎತ್ತರಕ್ಕೆ ಚಿಮ್ಮಿತ್ತು. ಅಲ್ಲಿ ಗಾಳಿ ಉಲ್ಟಾ, ಪಶ್ಚಿಮದಿಂದ ಪೂರ್ವಕ್ಕೆ. ಜ್ವಾಲಾಮುಖಿಯೇ ಇಲ್ಲದ ದ್ವೀಪದಲ್ಲಿ ಹಗಲಲ್ಲೇ ಕತ್ತಲಾಯಿತು. ಕಾರು, ಸೂರು, ಬಾಳೆ ಎಲೆ, ಎಲ್ಲದರ ಮೇಲೂ ಬೂದಿ. ತೊಳೆಯೋಣ ಅಂದರೆ ಅಲ್ಲಿ ನೀರಿಗೇ ಬರ. ಜನ ಪೊರಕೆ ಹಿಡಿದು ಗುಡಿಸಲು ನಿಂತರು.