ಆಸ್ಪತ್ರೆ ಖರ್ಚಿಗೆ ಮನೆ ಅಡ ಇಡಬಹುದಾ?

ದಾವಣಗೆರೆಯಲ್ಲಿ ಆಸ್ತಿ ಪತ್ರ ಬರೆಯುವ ಕೆಲಸ ನನ್ನದು. ಹಾಗಾಗಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ: "ಅಣ್ಣಾ, ಅಪ್ಪಾಜಿ ಐಸಿಯುನಲ್ಲಿದ್ದಾರೆ, ಮನೆ ಮೇಲೆ ಬ್ಯಾಂಕಿನವರು ಸಾಲ ಕೊಡ್ತಾರಾ?" ಕೊಡುತ್ತಾರೆ. ಆದರೆ ಇವತ್ತು ಸಂಜೆ ಕಟ್ಟಬೇಕಾದ ಅಡ್ವಾನ್ಸಿಗೆ ಅದನ್ನು ನಂಬಿ ಕೂರಬೇಡಿ.

ಬ್ಯಾಂಕಿನ ವಕೀಲರು ಕಾಗದಪತ್ರ ನೋಡಬೇಕು, ಇಂಜಿನಿಯರ್ ಬಂದು ಬೆಲೆ ಕಟ್ಟಬೇಕು, ಆಸ್ತಿ ಮೇಲೆ ಬೇರೆ ಸಾಲ ಇದೆಯಾ ಅಂತ ತೋರಿಸುವ ಇಸಿ ತೆಗೆಸಬೇಕು, ಮನೆಯ ಕಂಪ್ಯೂಟರ್ ಖಾತೆ, ಅಂದರೆ ಇ-ಖಾತೆ ಬೇಕು, ಹಳ್ಳಿಯಾದರೆ ಇ-ಸ್ವತ್ತು, ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸ. ಎಲ್ಲ ಸರಿಯಿದ್ದರೂ ವಾರ, ಹತ್ತು ದಿನ ಹಿಡಿಯುತ್ತದೆ. ಸರಿಯಿಲ್ಲದಿದ್ದರೆ? ನಮ್ಮ ಕಡೆ ಎಷ್ಟೋ ಮನೆಗಳು ಇನ್ನೂ ಅಜ್ಜನ ಹೆಸರಿನಲ್ಲೇ ಇವೆ. ಅಜ್ಜ ತೀರಿಹೋಗಿ ವರ್ಷಗಳಾಗಿವೆ, ಕಂದಾಯ ಮಗ ಕಟ್ಟುತ್ತಿದ್ದಾನೆ, ಖಾತೆ ಮಾತ್ರ ಹಾಗೇ ಇದೆ. ಆಗ ಮರಣ ಪ್ರಮಾಣಪತ್ರ, ವಂಶವೃಕ್ಷ, ಮದುವೆಯಾಗಿ ಹರಿಹರಕ್ಕೋ ಹಿರಿಯೂರಿಗೋ ಹೋದ ಸೋದರತ್ತೆಯರ ಸಹಿ, ಎಲ್ಲ ಬೇಕು. ಒಬ್ಬರು ಐಸಿಯುನಲ್ಲಿರುವಾಗ ಹಳೇ ಪಾಲಿನ ಮಾತು ಎದ್ದರೆ ಆ ಮನೆಯವರ ಸಂಕಟ ನೋಡಲಾಗುವುದಿಲ್ಲ.

ಚನ್ನಗಿರಿ ಕಡೆಯವರು ಅಡಿಕೆ ತೋಟದ ಪಹಣಿ ಹಿಡಿದು ಬರುತ್ತಾರೆ. ಈ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಕೃಷಿ ಜಮೀನು ಒಪ್ಪುವುದಿಲ್ಲ. ಯಾಕಂದರೆ ಕಂತು ನಿಂತರೆ ಕೋರ್ಟಿಗೆ ಹೋಗದೆಯೇ ಆಸ್ತಿ ವಶಕ್ಕೆ ತಗೊಳ್ಳಲು ಬ್ಯಾಂಕಿಗೆ ದಾರಿ ಮಾಡಿಕೊಟ್ಟಿರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಆದರೆ ನಿಮ್ಮ ಮನೆಗೆ ಅನ್ವಯಿಸುತ್ತದೆ! ಕಂತು 90 ದಿನ ಮೀರಿ ಬಾಕಿಯಾದರೆ 60 ದಿನದೊಳಗೆ ಸಾಲ ಕಟ್ಟಿ ಅನ್ನುವ ನೋಟಿಸ್ ಬರಬಹುದು.

ಹಾಗಾದರೆ ಮೊದಲ ದಿನಕ್ಕೆ? ಮೊದಲು ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರ ಇದ್ದಾರಾ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಆದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ. ಸಾಲದಿದ್ದರೆ ಬಂಗಾರ ಇಡಿ, ಅದು ಒಂದೆರಡು ಗಂಟೆಯ ಕೆಲಸ. ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ, ದಯವಿಟ್ಟು.

ಮನೆ ಅಡ ಇಟ್ಟು ತೆಗೆಯುವ ಸಾಲ ಸರಿಹೊಂದುವುದು ಕ್ಯಾನ್ಸರ್, ಕಿಡ್ನಿ ಕಸಿ ತರದ ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಗೆ. ಮನೆ ಬೆಲೆಯ ಶೇ 50ರಿಂದ 70ರ ತನಕ ಸಾಲ ಸಿಗುತ್ತದೆ ಅಂತ ಅಷ್ಟೂ ತಗೊಳ್ಳಬೇಡಿ. ಆಸ್ಪತ್ರೆಯಿಂದ ಅಂದಾಜು ವೆಚ್ಚ ಬರೆಸಿಕೊಂಡು ಅಷ್ಟಕ್ಕೇ ಅರ್ಜಿ ಹಾಕಿ. 10 ಲಕ್ಷಕ್ಕೆ ಶೇ 10 ಬಡ್ಡಿ ಅಂದುಕೊಳ್ಳಿ. 15 ವರ್ಷಕ್ಕೆ ತಿಂಗಳ ಕಂತು ಸುಮಾರು 10,750 ರೂಪಾಯಿ, ಹಗುರ ಅನ್ನಿಸುತ್ತದೆ ಅಲ್ವಾ? ಆದರೆ ಕೊನೆಗೆ ಕಟ್ಟಿರುವುದು 19 ಲಕ್ಷಕ್ಕೂ ಜಾಸ್ತಿ. ಸ್ವಂತ ಖರ್ಚಿಗೆ ತೆಗೆದ ಫ್ಲೋಟಿಂಗ್ ಬಡ್ಡಿ (ಆಗಾಗ ಏರಿಳಿಯುವ ಬಡ್ಡಿ) ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ. ಹಾಗಾಗಿ ಮೆಕ್ಕೆಜೋಳ, ಅಡಿಕೆ ದುಡ್ಡು ಬಂದಾಗ ಅಸಲಿಗೆ ಕಟ್ಟುತ್ತಾ ಬನ್ನಿ.

ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ, ಇದು ರಿಸರ್ವ್ ಬ್ಯಾಂಕಿನ 2023ರ ನಿಯಮ. ಪತ್ರ ಕೈಗೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಡಮಾನ ರದ್ದು ಮಾಡಿಸಿ, ಹೊಸ ಇಸಿ ತೆಗೆಸಿ ನೋಡಿಕೊಳ್ಳಿ.