ಅವರೇ ಹೇಳಿದ್ದಲ್ವಾ ಮೇಡಂ, ನೀವೇನ್ ಬರೆದ್ರಿ?

ನಾಟಕ ಬರೆದಿದ್ದು ನಾನೇ. ಇದನ್ನ ಮೊದಲೇ ಹೇಳಿಬಿಡ್ತೀನಿ, ಮುಂದೆ ಓದೋ ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಮಾಡೋದು ಸಮುದಾಯ ನಾಟಕ. ಅಂದ್ರೆ ಒಂದು ಕಡೆ ವಾಸ ಮಾಡೋ ಜನ, ಇಲ್ಲಾ ಒಂದೇ ಥರದ ಕೆಲಸ ಮಾಡೋ ಜನ, ಅವರ ಜೊತೆ ತಿಂಗಳುಗಟ್ಟಲೆ ಕೂತು, ಕಥೆ ಕೇಳಿ, ನಾಟಕ ಬರೆದು, ಅವರ ಕೈಲೇ ಆಡಿಸೋದು. ಇಷ್ಟು ವಿವರಿಸಿದ ತಕ್ಷಣ ಎದುರಿಗಿರೋರ ಮುಖದಲ್ಲಿ ಒಂದು ಲೆಕ್ಕ ಶುರುವಾಗುತ್ತೆ. ಕಥೆ ಅವರದು, ಆಡೋರೂ ಅವರೇ, ಹಾಗಾದ್ರೆ ಮೇಡಂ ನೀವೇನ್ ಬರೆದ್ರಿ? ಕೇಳೋರು ಕೆಟ್ಟವರೇನಲ್ಲ, ನಗುನಗ್ತಾನೇ ಕೇಳ್ತಾರೆ. ಇನ್ನು ಕೆಲವರು "ರೆಕಾರ್ಡ್ ಮಾಡ್ಕೊಂಡು ಟೈಪ್ ಮಾಡ್ತೀರಾ?" ಅಂತಾರೆ. ಹೌದು ಸ್ವಾಮಿ, ಟೈಪ್ ಮಾಡ್ತೀನಿ, ಸ್ಪೀಡೂ ಚೆನ್ನಾಗಿದೆ.

ಒಂದ್ಸಲ ಶೋ ಮುಗಿದ್ಮೇಲೆ ಮುಖ್ಯ ಅತಿಥಿಗಳು ಮೈಕ್ ಹಿಡಿದು "ಈ ನಾಟಕಕ್ಕೆ ನಾಟಕಕಾರರೇ ಇಲ್ಲ, ಇದು ಜನರೇ ಬರೆದ ನಾಟಕ" ಅಂದ್ರು. ಏನ್ ಚಪ್ಪಾಳೆ ಅಂತೀರಾ. ನಾನು ಸೈಡ್‌ವಿಂಗಲ್ಲಿ ಬಾಡಿಗೆ ಡ್ರೆಸ್ ಲೆಕ್ಕ ಹಾಕ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ನಮ್ಮ ನಟ, ಆಟೋ ಓಡಿಸೋರು, ಒಂದು ಡೈಲಾಗ್ ತನಗೆ ಸರಿಹೋಗ್ತಿಲ್ಲ ಅಂತ ತಾಲೀಮು ಶುರುವಾದಾಗಿಂದ ನನ್ನ ಜೊತೆ ಜಗಳ ಆಡ್ಕೊಂಡೇ ಬಂದವರು, ಕಿವಿ ಹತ್ರ ಬಗ್ಗಿ "ಜನರೇ ಬರೆದಿದ್ದಾದ್ರೆ ನಾನು ಬದಲಾಯಿಸಿ ಅಂದಾಗ ಯಾಕೆ ಬದಲಾಯಿಸ್ಲಿಲ್ಲ ಮೇಡಂ?" ಅಂದ್ರು. ನಾನೇ ಬರೆದಿದ್ದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೀನ್ಯಾದ ಕಮಿರೀಥು ಅನ್ನೋ ಹಳ್ಳೀಲಿ 1977ರಲ್ಲಿ ಗೂಗಿ ವಾ ಥಿಯಾಂಗೊ, ಗೂಗಿ ವಾ ಮಿರೀ ಇಬ್ಬರೂ ಸೇರಿ ಗಿಕುಯು ಭಾಷೇಲಿ ಒಂದು ನಾಟಕ ಬರೆದ್ರು. ಆಡಿದ್ದು ಅಲ್ಲಿನ ರೈತರು, ಕೂಲಿಯವರು. ಬಯಲು ರಂಗಮಂದಿರ ಕಟ್ಟಿದ್ದೂ ಅವರೇ, ಸ್ಕ್ರಿಪ್ಟ್ ಓದ್ತಾ ಓದ್ತಾ "ನಮ್ಮಲ್ಲಿ ಮುದುಕರು ಹೀಗೆ ಮಾತಾಡಲ್ಲ" ಅನ್ನೋ ಥರ ಭಾಷೆ ತಿದ್ದಿದ್ದೂ ಅವರೇ. ಕೆಲವೇ ವಾರ ನಡೀತು, ಸರ್ಕಾರ ಲೈಸೆನ್ಸ್ ಕಿತ್ಕೊಳ್ತು. ನೋಡಿ, ಬರೆದೋರು ಯಾರು ಅಂತ ಆ ಸರ್ಕಾರಕ್ಕೆ ಒಂದು ನಿಮಿಷನೂ ಡೌಟ್ ಬರಲಿಲ್ಲ. ಡಿಸೆಂಬರ್ ಕೊನೇಲಿ ಥಿಯಾಂಗೊ ಅವರನ್ನ ವಿಚಾರಣೆನೂ ಇಲ್ಲದೆ ಒಳಗೆ ಹಾಕಿದ್ರು, ಹತ್ತಿರಹತ್ತಿರ ಒಂದು ವರ್ಷ. 1982ರಲ್ಲಿ ಆ ರಂಗಮಂದಿರಾನೂ ಕೆಡವಿಹಾಕಿದ್ರು. ನನ್ನನ್ನ ಅವರ ಪಕ್ಕ ನಿಲ್ಲಿಸ್ಕೊಳ್ತಿಲ್ಲ, ನನ್ನನ್ನ ಯಾರೂ ಹಿಡ್ಕೊಂಡು ಹೋಗಿಲ್ಲ. ಆದ್ರೆ ಹಾರ ಹಾಕೋವಾಗ ಕಾಣದ ಲೇಖಕರು ಜೈಲಿಗೆ ಹಾಕೋವಾಗ ಹೇಗೆ ಟಪ್ ಅಂತ ಸಿಗ್ತಾರೆ ಅನ್ನೋದು ಮಜಾ.

ಇಂಗ್ಲೆಂಡಿನಲ್ಲಿ ನಾಟಕಕಾರ್ತಿ ಆನ್ ಜೆಲಿಕೊ 1978ರಲ್ಲಿ ಲೈಮ್ ರೀಜಿಸ್ ಅನ್ನೋ ಊರಿನ ಜನರನ್ನ ಕಟ್ಕೊಂಡು ಇಂಥ ನಾಟಕ ಶುರು ಮಾಡಿದ್ರು. ಆಡೋರು ಊರವರು, ಬರೆಯೋರು ಮಾತ್ರ ಕಸುಬಿನ ನಾಟಕಕಾರರೇ ಆಗಿರಬೇಕು ಅನ್ನೋದು ಅವರ ಪಟ್ಟು. ಅವರು ಹೇಳಿ ಡೇವಿಡ್ ಎಡ್ಗರ್ 1985ರಲ್ಲಿ ಡಾರ್ಚೆಸ್ಟರ್ ಜನಕ್ಕೆ ಬರೆದ ನಾಟಕ, ಎರಡು ವರ್ಷ ಬಿಟ್ಟು ಲಂಡನ್ನಿನ ನ್ಯಾಷನಲ್ ಥಿಯೇಟರಿಗೆ ಹೋಯ್ತು, ಅಲ್ಲಿ ಆಡಿದ್ದು ಜೂಡಿ ಡೆಂಚ್ ಥರದವರು. ಅಲ್ಲಿ ಎಡ್ಗರ್‌ಗೆ "ನೀವೇನ್ ಬರೆದ್ರಿ" ಅಂತ ಯಾರಾದ್ರೂ ಕೇಳಿರ್ತಾರಾ? ಹೆಸರಿರೋ ನಟರು ಆಡಿದ್ರೆ ನಾಟಕಕ್ಕೆ ಅಪ್ಪ ಅಮ್ಮ ಇರ್ತಾರೆ, ಆಟೋದವರು ಆಡಿದ್ರೆ ತಾನೇ ಹುಟ್ಕೊಂಡಿರುತ್ತೆ. ಪ್ರಶ್ನೆ ನನಗೆ ಚುಚ್ಚೋದು ಇಲ್ಲಿ. ಅವಮಾನ ಆಗ್ತಿರೋದು ನನಗಷ್ಟೇ ಅಲ್ಲ, ಆಡೋರಿಗೂ. ಅವರು ನಟಿಸ್ತಿದಾರೆ ಅಂತಾನೇ ಯಾರಿಗೂ ಅನ್ನಿಸಿಲ್ಲ, ಸುಮ್ನೆ ಅವರ ಪಾಡಿಗೆ ಅವರಿದ್ದಾರೆ ಅನ್ಕೊಂಡಿದ್ದಾರೆ.

ಇನ್ನು ಕಸುಬಿನ ವಿಷಯ. ಓದು ಬರದವರು ಕೇಳಿ ಕೇಳಿನೇ ಬಾಯಿಪಾಠ ಮಾಡೋದು, ಅವರಿಗೆ ಒಂದೇ ಉಸಿರಿಗೆ ನಿಲ್ಲೋ ಮಾತು ಬರೀಬೇಕು, ಮಾತಿನ ಕೊನೆ ಮುಂದಿನ ಮಾತನ್ನ ಎಳ್ಕೊಂಡು ಬರಬೇಕು. ನೈಟ್ ಶಿಫ್ಟ್ ಇರೋರು ಅರ್ಧ ತಾಲೀಮಿಗೆ ಬರೋದೇ ಇಲ್ಲ, ಅವರನ್ನೇ ನಂಬ್ಕೊಂಡ ದೃಶ್ಯ ಬರೆದ್ರೆ ಮುಗೀತು. ಗುಂಪಿನ ಸೀನಲ್ಲಿ ಶೋ ದಿನ ಮೂರು ಜನ ಕೈಕೊಟ್ರೂ ಗುಂಪು ಗುಂಪಾಗೇ ಕಾಣಬೇಕು. ಮಕ್ಕಳ ಸೀನು ಬೇಗ ಬರಬೇಕು, ಆಮೇಲೆ ನಿದ್ದೆ ಮಾಡ್ತವೆ. ಇದನ್ನೆಲ್ಲ ಯಾವ ರೆಕಾರ್ಡರೂ ಮಾಡಿಕೊಡಲ್ಲ.

ನಿಜ ಹೇಳ್ಬೇಕಂದ್ರೆ ನನಗೆ ಯಾರಾದ್ರೂ ಕೇಳ್ಲಿ ಅನ್ಸೋ ಪ್ರಶ್ನೆನೇ ಬೇರೆ. ಏನೇನ್ ಬಿಟ್ರಿ?

ಒಬ್ಬಾಕೆ ಗಂಡನ ಹೆಣ ಮನೆಗೆ ಬಂದ ದಿನದ ಬಗ್ಗೆ ಹೇಳ್ತಿದ್ರು. ಅಷ್ಟೊತ್ತಿಗೆ ಸರಿಯಾಗಿ ನಲ್ಲೀಲಿ ನೀರು ಬಂತಂತೆ. ಹೆಣ ಒಳಗೆ, ಜನ ಅಂಗಳದಲ್ಲಿ, ಈಕೆ ಸೆರಗು ಸಿಕ್ಕಿಸ್ಕೊಂಡು ಇದ್ದಬದ್ದ ಕೊಡ ಎಲ್ಲ ತುಂಬಿಸಿ, ನಲ್ಲಿ ನಿಲ್ಲಿಸಿ, ಆಮೇಲೆ ಬಂದು ಅತ್ತಿದ್ದು. "ಇದನ್ನ ಹಾಕ್ಬೇಡಿ, ಅತ್ತೆ ಇದ್ದಾರೆ" ಅಂದ್ರು. ಹಾಕ್ಬೇಡಿ ಅಂದ್ಮೇಲೆ ಹಾಕೋ ಹಾಗಿಲ್ಲ, ಬಿಡೋಕೂ ಮನಸ್ಸು ಬರಲಿಲ್ಲ. ನೀರನ್ನ ತಗೊಂಡು ಒಬ್ಬ ಮುದುಕನಿಗೆ ಕೊಟ್ಟೆ, ಸಾವನ್ನ ಇನ್ನೊಂದು ಮನೆಗೆ ಕಳಿಸ್ದೆ, ಅಳುನ ತೆಗೆದೇ ಹಾಕ್ದೆ. ಸ್ಕ್ರಿಪ್ಟ್ ಆಕೆಗೆ ಓದಿ ತೋರಿಸಿ, ಹೂಂ ಅನ್ನಿಸ್ಕೊಂಡ ಮೇಲೇ ತಾಲೀಮು. ಶೋ ದಿನ ಆಕೆ ಅತ್ತೆ ಪಕ್ಕದಲ್ಲೇ ಕೂತಿದ್ರು. ಮುದುಕ ಕೊಡ ತುಂಬಿಸ್ತಿದ್ದಾಗ ಅತ್ತೆ ಜೋರಾಗಿ "ನೀರು ಬಿಡೋಕಾಗುತ್ತೇನೇ" ಅಂದ್ರು, ಇಬ್ಬರೂ ನಕ್ಕರು. (ಇಲ್ಲೂ ಗುರುತು ಸಿಗದ ಹಾಗೆ ಬದಲಾಯಿಸಿದೀನಿ, ಹುಡುಕೋಕೆ ಹೋಗ್ಬೇಡಿ.)

ಬೇರೆ ನಾಟಕದಲ್ಲಿ ಶೋ ಮುಗಿದ್ರೆ ಪಾತ್ರಗಳೂ ಮುಗೀತವೆ. ನಮ್ಮಲ್ಲಿ ಪಾತ್ರಗಳು ಮಾರನೇ ದಿನ ಅದೇ ಬೀದೀಲಿ ಎದುರುಬದುರು ಸಿಗ್ತವೆ, ಸಾಲ ಕೇಳ್ಬೇಕು, ಮಗು ನೋಡ್ಕೊಳ್ಳೋಕೆ ಬಿಟ್ಟುಹೋಗ್ಬೇಕು. ಅದಕ್ಕೇ ಬಿಡೋದೇ ಜಾಸ್ತಿ. ನಾನು ಕೇಳಿರೋದ್ರಲ್ಲೇ ಅತಿ ಒಳ್ಳೇ ಡೈಲಾಗ್ ಇಬ್ಬರು ಅಕ್ಕತಂಗಿಯರ ದುಡ್ಡಿನ ಜಗಳದ್ದು. ಯಾವ ನಾಟಕದಲ್ಲೂ ಹಾಕಿಲ್ಲ, ಇಲ್ಲೂ ಹಾಕಲ್ಲ. ಇದನ್ನ ಅವರಿಬ್ಬರೂ ಓದ್ತಾರೆ, ಮುಂದಿನ ನಾಟಕದಲ್ಲಿ ಇಬ್ಬರೂ ನನಗೆ ಬೇಕು.